ಗಂಟಲು ನೋವು: ಕಾಯಬಹುದಾದದ್ದು, ಕಾಯಲಾಗದ್ದು



ಈ ಉಪನ್ಯಾಸದ ದತ್ತಿ ಇಟ್ಟವರು ಕನ್ನಡ ಶಾಲೆಯ ಮಾಸ್ತರರು. ವರ್ಷಕ್ಕೊಂದು ಉಪನ್ಯಾಸ ಆಗಬೇಕು, ವಿಷಯ ಎಲ್ಲರ ಮನೆಯದಾಗಿರಬೇಕು, ಕೇಳಿದವರಿಗೆ ತಿಳಿಯಬೇಕು ಎಂದು ಅವರು ಬರೆದಿಟ್ಟಿದ್ದಾರಂತೆ. ಸಂಘಟಕರು ನನ್ನ ಬಳಿ ಬಂದು ಹೃದಯದ ಬಗ್ಗೆ ಮಾತಾಡಿ ಅಂದರು. ಹೃದಯದ ಬಗ್ಗೆ ಮಾತಾಡುವವರು ಈಗ ಬೇಕಾದಷ್ಟು ಜನರಿದ್ದಾರೆ, ನಾನು ಗಂಟಲು ನೋವಿನ ಬಗ್ಗೆ ಮಾತಾಡುತ್ತೇನೆ ಅಂದೆ. ಅವರ ಮುಖ ಸ್ವಲ್ಪ ಸಪ್ಪೆಯಾಯಿತು. ಬೇಸರ ಬೇಡ. ಗಂಟಲಿನಿಂದ ಹೃದಯಕ್ಕೆ ಒಂದು ದಾರಿ ಇದೆ, ಮಾತಿನ ಕೊನೆಗೆ ಅಲ್ಲಿಗೇ ಹೋಗಿ ಮುಟ್ಟುತ್ತೇವೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಔಷಧಿ ಬೇಡದ ಗಂಟಲಿಗೆ ಆ್ಯಂಟಿಬಯಾಟಿಕ್ ಧಾರಾಳವಾಗಿ ಸಿಗುತ್ತದೆ. ಬೇಕೇ ಬೇಕಾದ ಗಂಟಲಿಗೆ ಸಿಗುವುದಿಲ್ಲ. ಎರಡೂ ಒಂದೇ ಊರಿನಲ್ಲಿ, ಒಮ್ಮೊಮ್ಮೆ ಒಂದೇ ಮನೆಯಲ್ಲಿ ನಡೆಯುತ್ತವೆ. ಯಾವ ಗಂಟಲು ಒಂದು ವಾರ ಕಾಯಬಹುದು, ಯಾವುದು ಎರಡು ದಿನ ಕಾಯಬಹುದು, ಯಾವುದು ಒಂದು ರಾತ್ರಿಯನ್ನೂ ಕಾಯಲಾರದು ಎಂಬುದೇ ಇವತ್ತಿನ ವಿಷಯ.

ಬಹುಪಾಲು ಗಂಟಲು ನೋವಿಗೆ ಕಾರಣ ವೈರಸ್. ನೆಗಡಿ ತರುವ ರೈನೋವೈರಸ್, ಕಣ್ಣನ್ನೂ ಕೆಂಪು ಮಾಡುವ ಅಡಿನೋವೈರಸ್, ಫ್ಲೂ, ಕೊರೊನಾ ಬಳಗ, ಇವೆಲ್ಲ ಸೇರಿ ದೊಡ್ಡ ಪಾಲನ್ನು ಹಂಚಿಕೊಳ್ಳುತ್ತವೆ. ಗಂಟಲು ನೋವೆಂದು ಬಂದ ನೂರು ಮಂದಿ ದೊಡ್ಡವರಲ್ಲಿ ಆ್ಯಂಟಿಬಯಾಟಿಕ್ ಬೇಕಾಗುವ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾ ಸಿಗುವುದು 5ರಿಂದ 15 ಜನರಲ್ಲಿ. ಮಕ್ಕಳಾದರೆ 20ರಿಂದ 30ರಲ್ಲಿ. ಉಳಿದವರಿಗೆ ಆ ಮಾತ್ರೆಯಿಂದ ಆಗುವ ಉಪಕಾರ ಏನೂ ಇಲ್ಲ.

ತಣ್ಣೀರು ಕುಡಿದೆ, ಐಸ್‌ಕ್ರೀಂ ತಿಂದೆ, ಊರಿಗೆ ಹೋಗಿದ್ದೆ ನೀರು ಬದಲಾಯಿತು ಎಂದು ಜನ ಹೇಳುವುದನ್ನು ನಾನು ನಗದೆ ಕೇಳುತ್ತೇನೆ. ತಣ್ಣನೆಯದಕ್ಕೂ ರೈನೋವೈರಸ್ಸಿಗೂ ಒಂದು ನಂಟು ನಿಜವಾಗಿಯೂ ಇದೆ: ಅದು ಚೆನ್ನಾಗಿ ಬೆಳೆಯುವುದು ಸುಮಾರು 33 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಮೈಗಿಂತ ತಂಪಾದ ಮೂಗಿನೊಳಗೆ. ಆದರೆ ವೈರಸ್ ಒಳಗೆ ಬರದೆ ಐಸ್‌ಕ್ರೀಂ ಒಂದೇ ನೆಗಡಿ ತರಲಾರದು. ನಿನ್ನೆ ತಿಂದದ್ದರ ಮೇಲೆ ನಾವು ಅಪವಾದ ಹೊರಿಸುವ ಹೊತ್ತಿಗೆ ವೈರಸ್ ಬಂದು ಒಂದೆರಡು ದಿನ ಕಳೆದಿರುತ್ತದೆ. ಮದುವೆಗೆ ಹೋಗಿ ಬಂದವರ ಗಂಟಲು ಕಟ್ಟಿದರೆ ನೀರಿಗಿಂತ ಮೊದಲು ಛತ್ರದ ಜನಜಂಗುಳಿಯನ್ನು ಸಂಶಯಿಸಬೇಕು.

ನೋವು ಹುಟ್ಟುವ ಬಗೆ ಇನ್ನೂ ಸ್ವಾರಸ್ಯಕರ. ವೈರಸ್ ಗಂಟಲನ್ನು ಕೊರೆದು ಗಾಯ ಮಾಡುತ್ತದೆ ಎಂದು ನಾವು ಊಹಿಸಿಕೊಳ್ಳುತ್ತೇವೆ. ರೈನೋವೈರಸ್ ಅಷ್ಟೇನೂ ಹಾನಿ ಮಾಡುವುದಿಲ್ಲ. ಅದನ್ನು ಕಂಡ ನಮ್ಮ ದೇಹವೇ ಬ್ರಾಡಿಕೈನಿನ್ ಎಂಬ ರಾಸಾಯನಿಕವನ್ನು ಬಿಡುತ್ತದೆ. ಅದು ನರದ ತುದಿಗಳನ್ನು ಕೆರಳಿಸುತ್ತದೆ. 1980ರ ದಶಕದಲ್ಲಿ ಆರೋಗ್ಯವಂತರ ಮೂಗಿಗೆ ಬರೀ ಬ್ರಾಡಿಕೈನಿನ್ ಸಿಂಪಡಿಸಿ ನೋಡಿದ್ದಾರೆ. ವೈರಸ್ ಇಲ್ಲ, ಬ್ಯಾಕ್ಟೀರಿಯಾ ಇಲ್ಲ, ಆದರೂ ಮೂಗು ಕಟ್ಟಿತು, ಗಂಟಲು ನೋಯಿತು. ಇದರ ಜೊತೆ ಸೇರುವ ಪ್ರೊಸ್ಟಗ್ಲಾಂಡಿನ್‌ಗಳನ್ನು ತಡೆಯುವ ಕಾರಣಕ್ಕೇ ಸಾದಾ ನೋವಿನ ಮಾತ್ರೆ ಇಲ್ಲಿ ಆ್ಯಂಟಿಬಯಾಟಿಕ್‌ಗಿಂತ ಬೇಗ ಆರಾಮ ಕೊಡುತ್ತದೆ. ಮಕ್ಕಳಿಗೆ ಪ್ಯಾರಸಿಟಮಾಲ್ ಸಾಕು, ಆಸ್ಪಿರಿನ್ ಮಾತ್ರ ಬೇಡ.

ಔಷಧಿ ಅಂಗಡಿಯಲ್ಲಿ "ಗಂಟಲಿಗೆ ಏನಾದರೂ ಕೊಡ್ರಿ" ಎಂದರೆ ಮೂರು ದಿನದ ಅಜಿತ್ರೊಮೈಸಿನ್ ಕೈಗೆ ಬರುತ್ತದೆ. ನುಂಗಿದವರಿಗೆ ಗುಣವೂ ಆಗುತ್ತದೆ. ಏಕೆಂದರೆ ಏನೂ ನುಂಗದವರಲ್ಲೂ ನೂರಕ್ಕೆ 40 ಜನರ ಗಂಟಲು ನೋವು ಮೂರನೆಯ ದಿನಕ್ಕೆ ಹೋಗಿರುತ್ತದೆ, ಒಂದು ವಾರಕ್ಕೆ 80ಕ್ಕೂ ಹೆಚ್ಚು ಜನ ಚೇತರಿಸಿಕೊಂಡಿರುತ್ತಾರೆ. ಸಾವಿರಾರು ರೋಗಿಗಳ ಮೇಲೆ ನಡೆದ ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಆ್ಯಂಟಿಬಯಾಟಿಕ್‌ನಿಂದ ಸಿಕ್ಕ ಲಾಭ ಸರಾಸರಿ 16 ಗಂಟೆ. ಕಾಯಿಲೆ ತಾನಾಗಿ ಹೊರಟಿತ್ತು, ಮಾತ್ರೆ ಹೆಸರು ಕಟ್ಟಿಕೊಂಡಿತು.

ಇದರಲ್ಲಿ ನಷ್ಟವೇನು ಎಂದು ಕೇಳಬಹುದು. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ ಎಂಬುದನ್ನು ನೀವು ಕೇಳಿಯೇ ಇದ್ದೀರಿ. ಅಷ್ಟು ಕೇಳಿರದ ಒಂದು ನಷ್ಟ ಹೇಳುತ್ತೇನೆ. ಹದಿಹರೆಯದವರಿಗೆ ಎಪ್‌ಸ್ಟೀನ್-ಬಾರ್ ಎಂಬ ವೈರಸ್ಸಿನಿಂದ ಒಂದು ಬಗೆಯ ಗಂಟಲು ಬೇನೆ ಬರುತ್ತದೆ. ಟಾನ್ಸಿಲ್ ಮೇಲೆ ಬಿಳಿ ಪೊರೆ, ಕುತ್ತಿಗೆಯಲ್ಲಿ ಗಡ್ಡೆ, ವಾರಗಟ್ಟಲೆ ಸುಸ್ತು; ನೋಡಲು ಥೇಟ್ ಬ್ಯಾಕ್ಟೀರಿಯಾದ್ದೇ. ಅಂಥವರಿಗೆ ಅಮಾಕ್ಸಿಸಿಲಿನ್ ಕೊಟ್ಟರೆ ಅನೇಕರಿಗೆ ಮೈತುಂಬ ಕೆಂಪು ದದ್ದು ಏಳುತ್ತದೆ. ಅದು ವೈರಸ್ಸೂ ಔಷಧಿಯೂ ಕೂಡಿ ಆದದ್ದು, ಸಾಮಾನ್ಯವಾಗಿ ನಿಜವಾದ ಅಲರ್ಜಿ ಅಲ್ಲ. ಆದರೆ ಚೀಟಿಯ ಮೇಲೆ "ಪೆನಿಸಿಲಿನ್ ಆಗುವುದಿಲ್ಲ" ಎಂದು ಬರೆದು ಕೆಂಪು ಗೆರೆ ಎಳೆಯುತ್ತಾರೆ. ಮುಂದೆ ಪೆನಿಸಿಲಿನ್ ಬೇಕೇ ಬೇಕಾದ ದಿನ ಆ ಗೆರೆ ಅಡ್ಡ ನಿಲ್ಲುತ್ತದೆ.

ಮನೆಮದ್ದಿನ ಬಗ್ಗೆ ಕೇಳದೆ ನೀವು ನನ್ನನ್ನು ಬಿಡುವುದಿಲ್ಲ. ಒಂದು ಲೋಟ ಬೆಚ್ಚನೆ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿ, ಖಂಡಿತ ಹಿತವಾಗುತ್ತದೆ. ಜಪಾನಿನಲ್ಲಿ 2005ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ದಿನವೂ ಸಾದಾ ನೀರಿನಿಂದ ಮುಕ್ಕಳಿಸಿದವರಿಗೆ ನೆಗಡಿ ಕಡಿಮೆ ಬಂತು. ಅಯೋಡಿನ್ ದ್ರಾವಣ ಬಳಸಿದವರಿಗೆ ಆ ಲಾಭ ಕಾಣಲಿಲ್ಲ. ಜೇನುತುಪ್ಪ ಒಳ್ಳೆಯದು, ಆದರೆ ವರ್ಷ ತುಂಬದ ಕೂಸಿಗೆ ನೆಕ್ಕಿಸಬೇಡಿ, ಬಾಟುಲಿಸಂ ಎಂಬ ವಿಷದ ಅಪಾಯವಿದೆ. ಮೆಣಸಿನ ಕಷಾಯ, ಜೇಷ್ಠಮಧು, ಅರಿಶಿನದ ಹಾಲು, ಯಾವುದು ನಿಮಗೆ ಸೇರುತ್ತದೋ ಅದನ್ನು ಕುಡಿಯಿರಿ. "ಕಿರುನಾಲಿಗೆ ಬಿದ್ದಿದೆ" ಎಂದು ನೆತ್ತಿಯ ಕೂದಲು ಜಗ್ಗಿ ಎತ್ತುವವರು ಈಗಲೂ ಇದ್ದಾರೆ. ಕಿರುನಾಲಿಗೆ ಬೀಳುವುದಿಲ್ಲ, ಬಾತಿರುತ್ತದೆ. ಕೂದಲು ಜಗ್ಗಿದ ನೋವಿನಲ್ಲಿ ಗಂಟಲಿನದು ಮರೆತುಹೋಗುತ್ತದೆಯೋ ಏನೋ.

ರೋಗಾಣುವೇ ಇಲ್ಲದ ಗಂಟಲು ನೋವುಗಳೂ ಉಂಟು. ಬೆಳಿಗ್ಗೆ ಎದ್ದಾಗ ಗಂಟಲು ಒಣಗಿ ನೋಯುತ್ತದೆ, ಹತ್ತು ಗಂಟೆಗೆಲ್ಲ ಸರಿಯಾಗುತ್ತದೆ ಎಂದರೆ ಮೂಗು ಕಟ್ಟಿ ಬಾಯಲ್ಲಿ ಉಸಿರಾಡಿದ್ದೀರಿ. ತಡರಾತ್ರಿ ಉಂಡು ತಕ್ಷಣ ಮಲಗುವವರಿಗೆ ಹೊಟ್ಟೆಯ ಆಮ್ಲ ಗಂಟಲವರೆಗೆ ಏರಿ ಸುಡುತ್ತದೆ. ಎದೆಯುರಿ ಇಲ್ಲದೆಯೂ ಏರಬಹುದು. ದೂಳಿನ ಅಲರ್ಜಿ ಇದ್ದವರಿಗೆ ಮೂಗಿನ ಸಿಂಬಳ ಹಿಂದಿನಿಂದ ಗಂಟಲಿಗೆ ಇಳಿದು ಕೆರೆತ. ಸೌದೆ ಒಲೆಯ ಹೊಗೆ, ಬೀಡಿ, ಸಿಗರೇಟು ಹೇಳಬೇಕಾಗಿಯೇ ಇಲ್ಲ. ಆಸ್ತಮಾದ ಪಂಪಿನಲ್ಲಿ ಸ್ಟೀರಾಯ್ಡ್ ಎಳೆದುಕೊಂಡು ಬಾಯಿ ತೊಳೆಯದವರ ಗಂಟಲಲ್ಲಿ ಶಿಲೀಂಧ್ರ ಬೆಳೆಯುತ್ತದೆ.

ಮಾತಾಡಿ ಮಾತಾಡಿ ಕೆಟ್ಟ ಗಂಟಲಿನ ಬಗ್ಗೆ ಮಾಸ್ತರರ ಹೆಸರಿನ ಈ ಸಭೆಯಲ್ಲಿ ಎರಡು ಮಾತು ಹೆಚ್ಚು ಹೇಳಬೇಕು. ಅರವತ್ತು ಮಕ್ಕಳ ತರಗತಿ, ತಗಡಿನ ಚಾವಣಿ, ಹೊರಗೆ ಬಸ್ಸಿನ ಸದ್ದು, ಬಾಯಲ್ಲಿ ಸುಣ್ಣದಕಡ್ಡಿಯ ಪುಡಿ. ನಡುವೆ ನೀರು ಕುಡಿಯುವಂತಿಲ್ಲ, ಶಿಕ್ಷಕಿಯರಂತೂ ಶೌಚಾಲಯ ಇಲ್ಲವೆಂದು ಬೇಕೆಂದೇ ಕುಡಿಯುವುದಿಲ್ಲ. ಸ್ವರತಂತುಗಳ ಮೇಲೆ ಸಣ್ಣ ಗಂಟುಗಳು ಏಳುತ್ತವೆ. ಇದಕ್ಕೆ ಔಷಧಿ ವಿಶ್ರಾಂತಿ, ನೀರು, ದನಿಯನ್ನು ಬಳಸುವ ತರಬೇತಿ. ಪಿಸುಗುಟ್ಟುವುದು ವಿಶ್ರಾಂತಿ ಅಲ್ಲ, ಅದರಿಂದಲೂ ಗಂಟಲಿಗೆ ಶ್ರಮವಾಗಬಹುದು. ಗಂಟಲಿನ ಚಿಕಿತ್ಸೆ ದನಿಯನ್ನೇ ಬದಲಿಸಿದ್ದಕ್ಕೆ ನಮ್ಮ ಹುಬ್ಬಳ್ಳಿಯಲ್ಲೇ ದೊಡ್ಡ ಸಾಕ್ಷಿ ಇದೆ. ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ 1930ರ ದಶಕದ ಗ್ರಾಮಫೋನ್ ತಟ್ಟೆಗಳಲ್ಲಿ ಕೇಳುವುದು ತೆಳುವಾದ, ಎತ್ತರದ ದನಿ. ಮುಂದೆ ಟಾನ್ಸಿಲ್ ತೊಂದರೆಗೆ ಚಿಕಿತ್ಸೆ ಆದಮೇಲೆ ಅದು ಇಳಿದು ಗಡುಸಾಯಿತು. ಆ ಗಡಸು ದನಿಯಲ್ಲೇ ಅವರು ಕಿರಾಣಾ ಘರಾಣೆಯನ್ನು ಎತ್ತಿ ನಿಲ್ಲಿಸಿದರು. ಎಲ್ಲರಿಗೂ ಹಾಗೆ ಒಲಿಯುವುದಿಲ್ಲ. ಆದ್ದರಿಂದಲೇ ಟಾನ್ಸಿಲ್ ತೆಗೆಸಲು ಈಗ ಕಟ್ಟುನಿಟ್ಟಿನ ಅಳತೆ ಇದೆ: ಒಂದು ವರ್ಷದಲ್ಲಿ 7 ಸಲ, ಅಥವಾ ಎರಡು ವರ್ಷ ವರ್ಷಕ್ಕೆ 5 ಸಲ, ಅಥವಾ ಮೂರು ವರ್ಷ ವರ್ಷಕ್ಕೆ 3 ಸಲ ಜೋರಾಗಿ ಬಂದಿರಬೇಕು.

ಎರಡು ಎಚ್ಚರಿಕೆಗಳನ್ನು ಇಲ್ಲಿಯೇ ಹೇಳಿ ಮುಂದೆ ಹೋಗುತ್ತೇನೆ. ಥೈರಾಯ್ಡ್ ಹೆಚ್ಚಾಗಿ ಕಾರ್ಬಿಮಜೋಲ್ ಮಾತ್ರೆ ತೆಗೆದುಕೊಳ್ಳುವವರಿಗೆ ಜ್ವರದ ಜೊತೆ ಗಂಟಲು ನೋವು ಬಂದರೆ ಆ ಮಾತ್ರೆ ನಿಲ್ಲಿಸಿ ಅದೇ ದಿನ ರಕ್ತದ ಬಿಳಿಕಣ ಎಣಿಸಬೇಕು. ಅಪರೂಪಕ್ಕೆ ಆ ಔಷಧಿ ಬಿಳಿಕಣಗಳನ್ನೇ ಇಳಿಸಿಬಿಡುತ್ತದೆ. ಇನ್ನೊಂದು, ಎಲೆ-ಅಡಿಕೆ-ತಂಬಾಕು ಹಾಕುವವರದು. ಕರ್ನಾಟಕ 2013ರಲ್ಲೇ ಗುಟ್ಕಾ ನಿಷೇಧಿಸಿತು, ಪಾನ್‌ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಆಗಿ ಅದೇ ಅಂಗಡಿಯಲ್ಲಿ ತೂಗುತ್ತಿದೆ. ಒಂದೇ ಬದಿಯ ಗಂಟಲು ನೋವು, ಅದೇ ಬದಿಯ ಕಿವಿಗೆ ಹೊಡೆಯುವುದು, ಮೂರು ವಾರವಾದರೂ ಬಿಡದ ದನಿ ಒಡಕು, ಕುತ್ತಿಗೆಯಲ್ಲಿ ನೋವಿಲ್ಲದ ಗಂಟು, ಇವು ಕ್ಯಾನ್ಸರ್ ಇರಬಹುದು. ಗಂಟಲಿಗೂ ಕಿವಿಗೂ ಒಂದೇ ನರದ ಸಂಬಂಧ ಇರುವುದರಿಂದ ಜನ ಕಿವಿಗೆ ಎಣ್ಣೆ ಬಿಟ್ಟುಕೊಂಡು ತಿಂಗಳುಗಳನ್ನು ಕಳೆಯುತ್ತಾರೆ.

ಇನ್ನು ರಾತ್ರಿಯನ್ನು ಕಾಯಲಾರದ ಗಂಟಲುಗಳು. ಬಾಯಿ ತೆರೆಯಲಾಗದೆ, ಜೊಲ್ಲು ನುಂಗಲಾಗದೆ, ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡವರ ಹಾಗೆ ಮಾತಾಡುವವರಿಗೆ ಟಾನ್ಸಿಲ್ ಹಿಂದೆ ಕೀವು ಕಟ್ಟಿರುತ್ತದೆ, ಅದನ್ನು ಹೊರತೆಗೆಯಬೇಕು. ಮಗು ಮುಂದಕ್ಕೆ ಬಾಗಿ ಕುಳಿತು ಜೊಲ್ಲು ಸುರಿಸುತ್ತ ಸದ್ದು ಮಾಡಿ ಉಸಿರೆಳೆಯುತ್ತಿದ್ದರೆ ಚಮಚ ಹಾಕಿ ನಾಲಿಗೆ ಒತ್ತಬೇಡಿ, ಅದೇ ಭಂಗಿಯಲ್ಲಿ ಎತ್ತಿಕೊಂಡು ದೊಡ್ಡಾಸ್ಪತ್ರೆಗೆ ಓಡಿ.

ಮೂರನೆಯದು ಗಂಟಲುಮಾರಿ, ಡಿಫ್ತೀರಿಯಾ. ಹಳಬರು ಇದಕ್ಕೆ ಮಾರಿ ಎಂದು ಸುಮ್ಮನೆ ಕರೆಯಲಿಲ್ಲ, ಒಂದೇ ಮನೆಯ ಮಕ್ಕಳನ್ನು ಸಾಲಾಗಿ ಒಯ್ದ ರೋಗ. ಎಳೆಯ ವೈದ್ಯರು ಇದು ಪಠ್ಯಪುಸ್ತಕದಲ್ಲಷ್ಟೇ ಇದೆ ಅಂದುಕೊಂಡಿರುತ್ತಾರೆ. ಉತ್ತರ ಕರ್ನಾಟಕದ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವರು ಹಾಗೆ ಅಂದುಕೊಳ್ಳುವುದಿಲ್ಲ. ಜ್ವರ ಅಷ್ಟೇನೂ ಇಲ್ಲ, ಮಗು ಮಾತ್ರ ತೀರಾ ನಿತ್ರಾಣ. ಟಾನ್ಸಿಲ್ ಮೇಲೆ ಬೂದುಬಣ್ಣದ ಪೊರೆ. ಕೀಳಲು ಹೋದರೆ ರಕ್ತ ಬರುತ್ತದೆ. ಕುತ್ತಿಗೆ ಹೋರಿಯದರಂತೆ ಬಾತುಕೊಳ್ಳುತ್ತದೆ. ಪೊರೆ ಉಸಿರನ್ನು ಕಟ್ಟಬಹುದು. ಅದರಿಂದ ಪಾರಾದರೂ ಎರಡನೆಯ ವಾರದ ಹೊತ್ತಿಗೆ ಬ್ಯಾಕ್ಟೀರಿಯಾದ ವಿಷ ಹೃದಯದ ಸ್ನಾಯುವಿಗೆ ತಗಲುತ್ತದೆ. ಅಂಗುಳಿನ ನರ ಸೋತರೆ ಕುಡಿದ ನೀರು ಮೂಗಿನಿಂದ ವಾಪಸ್ ಬರುತ್ತದೆ.

ಇಲ್ಲಿ ಆ್ಯಂಟಿಬಯಾಟಿಕ್ ಒಂದೇ ಸಾಲದು. ಬ್ಯಾಕ್ಟೀರಿಯಾ ಸತ್ತರೂ ಬಿಟ್ಟ ವಿಷ ಉಳಿದಿರುತ್ತದೆ. ಆ ವಿಷಕ್ಕೆ ಎದುರಾಗಿ ರಕ್ತರಸವನ್ನು ಬಳಸಬಹುದೆಂದು 1890ರಲ್ಲಿ ಬೆಹ್ರಿಂಗ್ ಮತ್ತು ಕಿತಾಸಾತೊ ತೋರಿಸಿದರು. 1901ರಲ್ಲಿ ಮೊಟ್ಟಮೊದಲ ವೈದ್ಯಕೀಯ ನೊಬೆಲ್ ಬೆಹ್ರಿಂಗ್‌ಗೆ ಬಂದದ್ದು ಇದೇ ಕೆಲಸಕ್ಕೆ. ಇಂದಿಗೂ ಕುದುರೆಯ ರಕ್ತದಿಂದ ತೆಗೆದ ಅದೇ ಪ್ರತಿವಿಷವೇ ಆಧಾರ. ವಿಷ ಜೀವಕೋಶದೊಳಗೆ ಸೇರಿಕೊಂಡ ಮೇಲೆ ಕೊಟ್ಟರೆ ಪ್ರಯೋಜನವಿಲ್ಲ. ಹಾಗಾಗಿ ಲ್ಯಾಬ್ ವರದಿಗೆ ಕಾಯದೆ ಸಂಶಯದ ಮೇಲೆಯೇ ಕೊಡಬೇಕು, ಗಂಟೆಗಳ ಲೆಕ್ಕದಲ್ಲಿ. ಆದರೆ ರೋಗ ಕಡಿಮೆಯಾದಂತೆ ತಯಾರಕರೂ ಕಡಿಮೆಯಾದರು. ಮಗುವಿನ ತಂದೆ ಒಂದು ಬಾಟಲಿಗಾಗಿ ಊರೂರಿಗೆ ಫೋನ್ ಮಾಡುತ್ತಾ ನಿಂತಿರುವುದನ್ನು ನೋಡುವ ಪರಿಸ್ಥಿತಿ ಬಂದಿದೆ.

ಈಗ ರೋಗ ಬರುತ್ತಿರುವುದು ಕೂಸುಗಳಿಗಿಂತ ಶಾಲೆಗೆ ಹೋಗುವ ಮಕ್ಕಳಿಗೆ ಹೆಚ್ಚು. ಇದಕ್ಕೆ ಕಾರಣ ಸ್ಪಷ್ಟ. ಹುಟ್ಟಿದ ಆರು, ಹತ್ತು, ಹದಿನಾಲ್ಕನೆಯ ವಾರದ ಲಸಿಕೆ ಅಂಗನವಾಡಿ, ಆಶಾ ಕಾರ್ಯಕರ್ತೆಯರ ದುಡಿಮೆಯಿಂದ ಬಹುಪಾಲು ಆಗುತ್ತದೆ. ಒಂದೂವರೆ ವರ್ಷದ್ದು, ಐದು ವರ್ಷದ್ದು ತಪ್ಪುತ್ತದೆ. ಲಸಿಕೆಯ ಬಲ ವರ್ಷ ಕಳೆದಂತೆ ಇಳಿಯುತ್ತದೆ. 10 ಮತ್ತು 16ನೆಯ ವಯಸ್ಸಿಗೆ ಕೊಡುವ ಟಿಡಿ ಚುಚ್ಚುಮದ್ದನ್ನು ಜನ ಈಗಲೂ ಗಾಯದ ಇಂಜೆಕ್ಷನ್ ಅಂದುಕೊಂಡಿದ್ದಾರೆ. ಅದರ ಎರಡನೆಯ ಅಕ್ಷರವೇ ಗಂಟಲುಮಾರಿಯದು. ಕಬ್ಬು ಕಡಿಯಲು, ಇಟ್ಟಿಗೆ ಸುಡಲು ಗುಳೆ ಹೋಗುವವರ ಮಕ್ಕಳು ಲಸಿಕೆಯ ದಿನ ಯಾವ ಊರಿನಲ್ಲೂ ಇರುವುದಿಲ್ಲ.

ಕೊನೆಗೆ, ಎರಡು ದಿನ ಕಾಯಬಹುದಾದ ಗಂಟಲು, ನಾನು ಹೇಳಿದ ಹೃದಯದ ದಾರಿ. ಸ್ಟ್ರೆಪ್ಟೋಕಾಕಸ್ ಪಯೋಜಿನಿಸ್ ಎಂಬ ಬ್ಯಾಕ್ಟೀರಿಯಾ 5ರಿಂದ 15 ವರ್ಷದ ಮಕ್ಕಳ ಗಂಟಲಿಗೆ ಇಷ್ಟದ ಅತಿಥಿ. ತಟ್ಟನೆ ಜ್ವರ, ನುಂಗಿದರೆ ನೋವು, ಟಾನ್ಸಿಲ್ ಮೇಲೆ ಬಿಳಿ ಚುಕ್ಕೆ, ದವಡೆಯ ಕೆಳಗೆ ಮುಟ್ಟಿದರೆ ನೋಯುವ ಗಂಟು. ಕೆಮ್ಮು ಮಾತ್ರ ಇಲ್ಲ. ಜ್ವರ, ಚುಕ್ಕೆ, ಗಂಟು, ಕೆಮ್ಮಿಲ್ಲದಿರುವುದು, ಈ ನಾಲ್ಕು ಲಕ್ಷಣಗಳ ಲೆಕ್ಕವನ್ನು 1981ರಲ್ಲಿ ಅಮೆರಿಕದ ರಾಬರ್ಟ್ ಸೆಂಟರ್ ಮತ್ತು ಸಂಗಡಿಗರು ಮುಂದಿಟ್ಟರು. ಕೆಮ್ಮು, ಸಿಂಬಳ, ಕೆಂಗಣ್ಣು ಇದ್ದರೆ ವೈರಸ್ ಎಂದೇ ತಿಳಿಯಿರಿ. ಆದರೆ ನಾಲ್ಕೂ ಕೂಡಿಬಂದರೂ ಸ್ಟ್ರೆಪ್ಟೋಕಾಕಸ್ ಸಿಗುವುದು ಹೆಚ್ಚುಕಡಿಮೆ ಅರ್ಧ ಜನರಲ್ಲಿ. ಕಣ್ಣಳತೆಯಲ್ಲಿ ಹೇಳುವವರನ್ನು ನಾನು ನಂಬುವುದಿಲ್ಲ. ಗಂಟಲಿಗೆ ಹತ್ತಿ ಒರೆಸಿ ಪರೀಕ್ಷಿಸಬೇಕು. ತಾಲ್ಲೂಕು ಮಟ್ಟದಲ್ಲಿ ಅದು ಅಪರೂಪ. ಅದರ ಬದಲು ಎಎಸ್ಓ ರಕ್ತಪರೀಕ್ಷೆ ಬರೆಯುತ್ತಾರೆ. ಅದು ಹಿಂದೆಂದೋ ಈ ಬ್ಯಾಕ್ಟೀರಿಯಾ ಬಂದು ಹೋಗಿತ್ತು ಎಂಬುದನ್ನಷ್ಟೇ ಹೇಳುತ್ತದೆ. ಶಾಲೆಯ ಮಕ್ಕಳಲ್ಲಿ ಅದು ಸುಮ್ಮಸುಮ್ಮನೆ ಏರಿರುವುದುಂಟು. ಆ ಒಂದು ಅಂಕಿ ನೋಡಿ ವರ್ಷಗಟ್ಟಲೆ ಸೂಜಿ ಚುಚ್ಚಿಸಿಕೊಂಡ ಮಕ್ಕಳಿದ್ದಾರೆ.

ಗಂಟಲು ಹೇಗೂ ಒಂದು ವಾರದಲ್ಲಿ ವಾಸಿಯಾಗುತ್ತದೆ. ತೊಂದರೆ ಶುರುವಾಗುವುದು ಎರಡು ಮೂರು ವಾರದ ಮೇಲೆ, ಎಲ್ಲರೂ ಮರೆತ ನಂತರ. ಈ ಬ್ಯಾಕ್ಟೀರಿಯಾದ ಹೊರಮೈಯ ಪ್ರೋಟೀನು ನಮ್ಮ ಹೃದಯದ ಅಂಗಾಂಶವನ್ನು ಹೋಲುತ್ತದೆ. ಅದರ ಮೇಲೆ ಎದ್ದ ದೇಹದ ರಕ್ಷಣಾಪಡೆ ಗುರುತು ತಪ್ಪಿ ಸ್ವಂತ ಹೃದಯದ ಮೇಲೆ ಬೀಳುತ್ತದೆ. ಇದೇ ರುಮ್ಯಾಟಿಕ್ ಜ್ವರ. ಮೊಣಕಾಲು ಬಾತು, ಅದು ಇಳಿದು ಮೊಣಕೈ, ಅದು ಇಳಿದು ಮಣಿಕಟ್ಟು. ಕೆಲವು ಮಕ್ಕಳಿಗೆ ಕೈಕಾಲು ತಾನಾಗಿ ಕುಣಿಯುತ್ತದೆ, ಅಕ್ಷರ ಕೆಡುತ್ತದೆ, ಕೈಯಿಂದ ಲೋಟ ಬೀಳುತ್ತದೆ. ತರಗತಿಯಲ್ಲಿ ಏಟು ತಿನ್ನುತ್ತಾರೆ. ಕೀಲು, ಕೈ ಎಲ್ಲ ಸರಿಹೋಗುತ್ತವೆ. ಹೃದಯದ ಮೈಟ್ರಲ್ ಕವಾಟಕ್ಕೆ ಆದ ಗಾಯ ಮಾತ್ರ ಉಳಿದು, ವರ್ಷಗಳಲ್ಲಿ ಗಟ್ಟಿಯಾಗಿ, ಕಿರಿದಾಗುತ್ತದೆ.

ಗಂಟಲು ನೋವು ಶುರುವಾದ ಒಂಬತ್ತು ದಿನದೊಳಗೆ ಪೆನಿಸಿಲಿನ್ ಕೊಟ್ಟರೆ ಇದನ್ನು ತಡೆಯಬಹುದು. ಇದಕ್ಕೆ ಆಧಾರ ಅಮೆರಿಕದ ವಯೋಮಿಂಗ್‌ನ ವಾಯುಪಡೆ ನೆಲೆಯೊಂದರಲ್ಲಿ ನಡೆದ ಅಧ್ಯಯನಗಳು, 1950ರಿಂದ ಪ್ರಕಟವಾದವು. ಒಂಬತ್ತು ದಿನ ಎಂದರೆ ಎರಡು ದಿನ ಪರೀಕ್ಷೆಗೆ ಕಾದರೂ ಏನೂ ಕೆಡುವುದಿಲ್ಲ. ಪೆನಿಸಿಲಿನ್ ಬಂದು ಎಂಬತ್ತು ವರ್ಷವಾಯಿತು, ಈ ಬ್ಯಾಕ್ಟೀರಿಯಾ ಇವತ್ತಿಗೂ ಅದಕ್ಕೆ ಮಣಿಯುತ್ತದೆ. ಅಜಿತ್ರೊಮೈಸಿನ್ ಗುಂಪಿಗೆ ಹಲವೆಡೆ ಮಣಿಯುತ್ತಿಲ್ಲ. ಅಗ್ಗದ, ಹಳೆಯ, ಹತ್ತು ದಿನ ನುಂಗಬೇಕಾದ ಔಷಧಿಯನ್ನು ಬಿಟ್ಟು ಮೂರು ದಿನದ ದುಬಾರಿಯದನ್ನು ಹಿಡಿದಿದ್ದೇವೆ. ಆದರೂ ಔಷಧಿಯ ಮಹಿಮೆಯನ್ನು ಅತಿಯಾಗಿ ಹೇಳಬಾರದು. ಯುರೋಪಿನಲ್ಲಿ ಈ ರೋಗ ಪೆನಿಸಿಲಿನ್ ಬರುವ ಮೊದಲೇ ಇಳಿಯತೊಡಗಿತ್ತು. ಒಂದೇ ಕೋಣೆಯಲ್ಲಿ ಎಂಟು ಜನ ಮಲಗುವುದು ತಪ್ಪಿದಂತೆ ಅದೂ ತಪ್ಪಿತು.

ಒಮ್ಮೆ ರುಮ್ಯಾಟಿಕ್ ಜ್ವರ ಬಂದವರಿಗೆ ಮುಂದೆ ಬರುವ ಪ್ರತಿಯೊಂದು ಸ್ಟ್ರೆಪ್ಟೋಕಾಕಸ್ ಗಂಟಲು ನೋವೂ ಕವಾಟವನ್ನು ಇನ್ನಷ್ಟು ಕೆಡಿಸಬಲ್ಲದು. ಅದಕ್ಕೇ ಮೂರು ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್. ಹೃದಯಕ್ಕೆ ತಗಲದಿದ್ದರೆ ಕಡಿಮೆಯೆಂದರೆ ಐದು ವರ್ಷ, ತಗಲಿದ್ದರೆ ಹತ್ತು ವರ್ಷ ಅಥವಾ ಇನ್ನೂ ಹೆಚ್ಚು. ತುಂಬಾ ನೋಯುವ ಸೂಜಿ. ಅಲರ್ಜಿಯ ಭಯಕ್ಕೆ ಎಷ್ಟೋ ಕಡೆ ಚುಚ್ಚಲು ಒಪ್ಪುವುದಿಲ್ಲ, ಹಳೆಯ ಚೀಟಿಯ ಆ ಕೆಂಪು ಗೆರೆ ಅಡ್ಡ ಬರುವುದು ಇಲ್ಲೇ. ಲಾಭ ಕಡಿಮೆಯೆಂದು ತಯಾರಕರು ಕೈಬಿಟ್ಟು ಜಗತ್ತಿನ ಹಲವು ದೇಶಗಳಲ್ಲಿ ಇದಕ್ಕೆ ಕೊರತೆಯೂ ಬಂದಿದೆ. 2018ರಲ್ಲಿ ವಿಶ್ವ ಆರೋಗ್ಯ ಸಭೆ ಈ ರೋಗದ ಬಗ್ಗೆ ನಿರ್ಣಯವನ್ನೇನೋ ಅಂಗೀಕರಿಸಿತು.

ಹುಡುಗಿಯರ ವಿಷಯದಲ್ಲಿ ಇನ್ನೊಂದು ಕಷ್ಟವಿದೆ. ಹದಿನೆಂಟಕ್ಕೆ ಮದುವೆಯಾಗಿ ಊರು ಬದಲಾಗುತ್ತದೆ, ಇಂಜೆಕ್ಷನ್ ಕಾರ್ಡು ತವರಿನ ಟ್ರಂಕಿನಲ್ಲಿ ಉಳಿಯುತ್ತದೆ. ಗಂಡನ ಮನೆಯಲ್ಲಿ ಹೇಳಿಕೊಳ್ಳಲು ಭಯ. ಗರ್ಭಿಣಿಯಾದಾಗ ರಕ್ತದ ಪ್ರಮಾಣ ಸುಮಾರು ಅರ್ಧದಷ್ಟು ಹೆಚ್ಚುತ್ತದೆ, ಕಿರಿದಾದ ಕವಾಟದಿಂದ ಅಷ್ಟು ರಕ್ತ ದಾಟಲಾರದು. ಏಳನೆಯ ತಿಂಗಳಲ್ಲಿ ಮಲಗಿದರೆ ಉಸಿರುಕಟ್ಟುತ್ತದೆ. ಬಸುರಿಯರಿಗೆ ಇದೆಲ್ಲ ಇದ್ದದ್ದೇ ಅನ್ನುತ್ತಾರೆ ಮನೆಯವರು. ಬಲೂನು ಹಾಕಿ ಕವಾಟ ಹಿಗ್ಗಿಸುವ ಚಿಕಿತ್ಸೆ ಬೆಂಗಳೂರಿನ ಜಯದೇವ ಆಸ್ಪತ್ರೆಯಂಥ ಕಡೆ ಬಸುರಿಯರಿಗೂ ಆಗುತ್ತದೆ, ಹೊತ್ತಿಗೆ ಸರಿಯಾಗಿ ಅಲ್ಲಿಗೆ ತಲುಪಿದರೆ. ಸಭೆಯಲ್ಲಿ ಆರೋಗ್ಯ ಇಲಾಖೆಯವರು ಕುಳಿತಿದ್ದಾರೆ. ತಾಯಿ ಕಾರ್ಡು ಬರೆಯುವ ದಿನ ರಕ್ತದೊತ್ತಡ, ತೂಕ, ಹಿಮೋಗ್ಲೋಬಿನ್ ಜೊತೆಗೆ ಒಂದು ಪ್ರಶ್ನೆ ಸೇರಿಸಿ ಎಂದು ಅವರನ್ನು ಕೇಳಿಕೊಳ್ಳುತ್ತೇನೆ: "ಶಾಲೆಗೆ ಹೋಗುವಾಗ ನಿನಗೆ ಕೀಲು ಬಾತು ಜ್ವರ ಬಂದಿತ್ತೇನಮ್ಮಾ? ಮೂರು ವಾರಕ್ಕೊಮ್ಮೆ ಸೂಜಿ ಹಾಕಿಸುತ್ತಿದ್ದರೇ?" ಅತ್ತೆ ಹೊರಗೆ ಕುಳಿತಿರುವಾಗ ಕೇಳಬೇಕು.